ಚಿನ್ನದಕ್ಷರದ ಹಾಳೆ ಮುದುರಿಕೊಂಡಾಗ

ಫೆಬ್ರವರಿ ಬಂತೆಂದರೆ ನಮ್ಮ ಕಡೆ ಎಲ್ಲವೂ ಒಣಗುತ್ತದೆ. ಹೊರಗೆ ಸ್ನೋ ಬಿದ್ದು ಕರಗಿ ಕೆಸರಾಗಿರುತ್ತದೆ, ಒಳಗೆ ಹೀಟರು ಗಾಳಿಯಲ್ಲಿದ್ದ ಕೊನೆಯ ಪಸೆಯನ್ನೂ ಹೀರಿಬಿಟ್ಟಿರುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ಟೆಂದು ಕರೆಂಟು ಹೊಡೆಯುತ್ತದೆ. ಕ್ವೀನ್ಸಿನ ಬೆಲ್‌ರೋಸಿನಲ್ಲಿರುವ ನನ್ನ ಫ್ರೇಮಿನ ಅಂಗಡಿಗೆ ಬಂದವರಿಗೆಲ್ಲ ನಾನು ಈ ಬಗ್ಗೆ ಪುಕ್ಕಟೆ ಸಲಹೆ ಕೊಡುತ್ತೇನೆ. ಹೀಟರಿನ ಪಕ್ಕ ಒಂದು ಪಾತ್ರೆ ನೀರಿಡಿ, ಮಲಗುವ ಮುಂಚೆ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಮರದ ಕುರ್ಚಿಯನ್ನು ಗೋಡೆಯಿಂದ ದೂರ ಸರಿಸಿ. ಕೇಳಿದವರಿಗೂ ಕೊಡುತ್ತೇನೆ, ಕೇಳದವರಿಗೂ ಕೊಡುತ್ತೇನೆ. ಇಷ್ಟೆಲ್ಲ ಬಲ್ಲವನು ಅದೇ ಹೀಟರಿನ ಎದುರು, ಐನೂರು ಚಿಲ್ಲರೆ ವರ್ಷದ ಒಂದು ಚರ್ಮದ ಹಾಳೆಯನ್ನು ಬಿಚ್ಚಿಟ್ಟು ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ಅದರ ಕಥೆ ಹೇಳುತ್ತೇನೆ. ನೀವು ನಕ್ಕರೆ ಈಗ ನನ್ನ ಅಭ್ಯಂತರವಿಲ್ಲ. ಆ ವಾರ ನಕ್ಕಿದ್ದರೆ ಜಗಳವೇ ಆಗುತ್ತಿತ್ತು.

ಮೊದಲು ನನ್ನ ಪರಿಚಯ. ನಾನು ಮೈಸೂರಿನ ದೇವರಾಜ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಕಲಿತವನು. ಇಲ್ಲಿಗೆ ಬಂದು, ಯಾರದೋ ಗೋದಾಮಿನಲ್ಲಿ ಗಾಜು ಹೊತ್ತು, ಆಮೇಲೆ ಸ್ವಂತ ಅಂಗಡಿ ಮಾಡಿದೆ. ನನ್ನ ಗೋಡೆಯ ಮೇಲೆ ಲಕ್ಷ್ಮಿಯೂ ಇರುತ್ತಾಳೆ, ಕುರಾನಿನ ಆಯತುಲ್ ಕುರ್ಸಿಯೂ ಇರುತ್ತದೆ, ಗ್ರಾಜುಯೇಶನ್ ಗೌನು ತೊಟ್ಟ ಮಕ್ಕಳೂ ಇರುತ್ತಾರೆ. ಒಂದು ವಸ್ತುವನ್ನು ನೋಡಿದ ತಕ್ಷಣ ಅದರ ದೋಷ ಹುಡುಕುವುದು ನನ್ನ ಕಣ್ಣಿನ ಚಾಳಿ. ದೋಷ ಸಿಕ್ಕರೆ ಬೆಲೆ ಇಳಿಯುತ್ತದೆ. ಹಾಗೆ ಇಳಿಸಿಯೇ ನಾನು ಬದುಕು ಕಟ್ಟಿಕೊಂಡದ್ದು. ಅಂಗಡಿಯ ಬಾಡಿಗೆ, ಹಳೆಯ ವ್ಯಾನು, ಮಗಳ ಹಲ್ಲಿನ ತಂತಿ, ಎಲ್ಲವನ್ನೂ ಚೌಕಾಸಿ ಮಾಡಿದ್ದೇನೆ. ದಂತವೈದ್ಯರು ಆಮೇಲೆ ನನ್ನನ್ನು ಕಂಡರೆ ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದರು.

ಆ ಸೋಮವಾರ ಅಂಗಡಿಗೆ ಬಂದದ್ದು ವಸುಧಾ ಮೇಡಂ. ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನವರು, ಔಷಧಿ ಕಂಪನಿಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು, ತವರು ನಮ್ಮ ಮೈಸೂರಿನ ಸರಸ್ವತಿಪುರಂ. ಅವರ ಮನೆಯ ಒಂದು ಮೈಸೂರು ಶೈಲಿಯ ಚಿತ್ರಕ್ಕೆ ಹಿಂದೊಮ್ಮೆ ನಾನೇ ಕಟ್ಟು ಹಾಕಿ, ಉದುರಿದ್ದ ಚಿನ್ನವನ್ನೂ ಕೂರಿಸಿಕೊಟ್ಟಿದ್ದೆ. ಆ ನಂಬಿಕೆಯಿಂದ ಈ ಸಲ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿದ ಒಂದು ಪುಟ್ಟ ಫ್ರೇಮು ತಂದಿದ್ದರು. ಮೂಲೆ ಸಡಿಲವಾಗಿತ್ತು, ಒಳಗಿನ ರಟ್ಟು ಹಳದಿಗಟ್ಟಿತ್ತು. ಆ ರಟ್ಟಿನ ನಡುವೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಹಾಳೆ.

ಆ ಹಾಳೆಯನ್ನು ನಿಮಗೆ ಹೇಗೆ ತೋರಿಸಲಿ? ಕಪ್ಪು ಶಾಯಿಯಲ್ಲಿ ಮೊನೆಮೊನೆಯಾದ ಲ್ಯಾಟಿನ್ ಅಕ್ಷರಗಳ ಹದಿನೈದು ಸಾಲು. ಎಡಕ್ಕೆ ಒಂದು ದೊಡ್ಡ ಅಕ್ಷರ, ನೀಲಿ ಗುಲಾಬಿ ಬಳ್ಳಿಗಳ ನಡುವೆ ಉಬ್ಬಿನಿಂತ ಅಪ್ಪಟ ಚಿನ್ನ. ಸುತ್ತ ಅಂಚಿನಲ್ಲಿ ಸ್ಟ್ರಾಬೆರಿ, ಪುಟ್ಟ ಹೂವು, ಸಾಸಿವೆಯಷ್ಟು ಚಿನ್ನದ ಚುಕ್ಕೆಗಳು. ಕೆಳಗೆ, ಯಾಕೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಒಂದು ತಮಾಷೆ: ಕತ್ತಿ ಹಿಡಿದ ಯೋಧನೊಬ್ಬ ಒಂದು ಬಸವನಹುಳುವಿನ ಎದುರು ನಿಂತಿದ್ದಾನೆ. ಹುಳು ಕೊಂಬು ಚಾಚಿದೆ. ಹೆದರಿರುವುದು ಯೋಧ.

ಮೇಡಂ ಈ ದೇಶಕ್ಕೆ ಓದಲು ಬಂದ ಹೊಸತರಲ್ಲಿ ಕ್ಯಾಥ್ಲೀನ್ ಎಂಬ ವಿಧವೆಯ ಮನೆಯ ಬೇಸ್‌ಮೆಂಟಿನಲ್ಲಿ ನಾಲ್ಕು ಚಳಿಗಾಲ ಕಳೆದಿದ್ದರಂತೆ. ಬಿಟ್ಟು ಹೊರಡುವ ದಿನ ಆಕೆ ಗೋಡೆಯಿಂದ ಇದನ್ನು ಕಳಚಿ ಇವರ ಕೈಗಿಟ್ಟಳಂತೆ. ಈಗ ಆಕೆಯಿಲ್ಲ. ಮೊಮ್ಮಗಳು ಮಾತ್ರ ಒಂದು ಹಳೆಯ ಫೋಟೋ ತೋರಿಸಿ, ಅಜ್ಜಿಯ ಗೋಡೆಯ ಮೇಲಿದ್ದ ಈ ಚಿನ್ನದ ಚಿತ್ರ ಎಲ್ಲಿ ಹೋಯಿತೋ ಎಂದು ಇವರನ್ನೇ ಕೇಳಿದ್ದಳು. ಮೇಡಂ ಆಗ ಬಾಯಿ ಬಿಟ್ಟಿರಲಿಲ್ಲ. ಬರುವ ಭಾನುವಾರ ಆ ಮೊಮ್ಮಗಳ ಮದುವೆ.

“ನಂಗೆ ಕೊಟ್ಟಿದ್ದೇ ನಿಜ, ಆದ್ರೂ ಅದು ಆ ಮನೇದು, ರಹಮತ್ ಭಾಯ್. ಭಾನುವಾರ ಅವಳ ಕೈ ಸೇರಬೇಕು. ನೀವು ಚಿನ್ನದ ಕೆಲಸ ಬಲ್ಲೋರು ಅಂತ ಎರಡು ಬ್ರಿಡ್ಜ್ ದಾಟ್ಕೊಂಡು ಬಂದಿದೀನಿ.”

ಯೋಚನೆ ಬಿಡಿ ಮೇಡಂ ಎಂದೆ. ಈ ಮಾತನ್ನು ನಾನು ಸುಲಭವಾಗಿ ಆಡುತ್ತೇನೆ. ನಿಮ್ಮ ಫ್ರೇಮಿನವನು, ಮೆಕ್ಯಾನಿಕ್ಕು, ಲಾಯರು, ಯಾರೇ ಆಗಲಿ, ಯೋಚನೆ ಬಿಡಿ ಎಂದರೆ ಅಲ್ಲಿಂದಲೇ ಯೋಚನೆ ಶುರು ಮಾಡಿ. ಇದು ಪೇಪರಾ ಎಂದು ಕೇಳಿದರು. ಚರ್ಮ ಎಂದೆ. ಯಾವುದರದ್ದು ಎಂದರು. ಅವರ ಊಟದ ಮನೆಯಲ್ಲಿ, ದೇವರ ಮಂಟಪದ ಎದುರಿನ ಗೋಡೆಯಲ್ಲಿ ಅದು ತೂಗುತ್ತಿದ್ದದ್ದು ನನಗೆ ನೆನಪಿತ್ತು. ಕುರಿಯದ್ದು ಎಂದೆ. ಗಿರಾಕಿಯ ಮನಸ್ಸಿಗೆ ಹಿತವಾದ ಪ್ರಾಣಿಯನ್ನು ಆರಿಸುವುದೂ ವ್ಯಾಪಾರವೇ.

ಅವರು ಹೋದಮೇಲೆ ಫೋನಿನಲ್ಲಿ ಒಂದಿಷ್ಟು ಓದಿದೆ. ಓದಿದಷ್ಟೂ ಆ ಕಾಲದವರು ನನ್ನ ದೂರದ ಸಂಬಂಧಿಕರಂತೆ ಕಂಡರು. ಇದು ಕ್ರೈಸ್ತ ಗೃಹಸ್ಥರ ಪ್ರಾರ್ಥನೆಯ ಪುಸ್ತಕದ ಹಾಳೆ. ದಿನದ ಇಂತಿಂಥ ಹೊತ್ತಿಗೆ ಇಂತಿಂಥ ಪ್ರಾರ್ಥನೆ. ಐದು ಹೊತ್ತಿನ ನಮಾಜಿನವನಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊರೆಗಳು ಹೇಳಿ ಮಾಡಿಸುತ್ತಿದ್ದರು. ಅಷ್ಟು ಅನುಕೂಲವಿಲ್ಲದವರಿಗೆ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತಿತ್ತು. ಮನೆತನದ ಲಾಂಛನ ಬರೆಯುವ ಜಾಗ ಖಾಲಿ ಬಿಟ್ಟಿರುತ್ತಿದ್ದರು, ಕೊಂಡವನು ತನ್ನದನ್ನು ತುಂಬಿಸಿಕೊಳ್ಳಬೇಕು. ನೀಲಿ ಬಣ್ಣ ಯಾವ ದರ್ಜೆಯದು ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳುವ ಜಾಣರಿದ್ದರು. ಯಾಕೆಂದರೆ ಒಳ್ಳೆಯ ನೀಲಿ ಅಫ್ಘಾನಿಸ್ತಾನದ ಬೆಟ್ಟದ ಕಲ್ಲನ್ನು ಅರೆದು ಬರಬೇಕು, ಅದು ಒಮ್ಮೊಮ್ಮೆ ಚಿನ್ನಕ್ಕಿಂತ ದುಬಾರಿ. ಹತ್ತಿರದ ಗಣಿಯ ಅಗ್ಗದ ನೀಲಿ ತುಂಬಿ ಮೋಸ ಮಾಡುವವರೂ ಇದ್ದಿರಲೇಬೇಕು, ಇಲ್ಲದಿದ್ದರೆ ಕರಾರೇಕೆ? ನನಗೆ ಬಹಳ ಖುಷಿಯಾಯಿತು. ಆಮೇಲೆ ಇನ್ನೊಂದು ವಿಷಯ ಓದಿ ಖುಷಿ ಇಳಿಯಿತು. ಇಂಥ ಬಿಡಿ ಹಾಳೆಗಳೆಲ್ಲ ಎಲ್ಲಿಂದ ಬಂದವು ಎಂದರೆ, ಈಚಿನ ವ್ಯಾಪಾರಿಗಳು ಇಡೀ ಪುಸ್ತಕ ಕೊಂಡು, ಹೊಲಿಗೆ ಬಿಚ್ಚಿ, ಒಂದೊಂದೇ ಹಾಳೆ ಮಾರಿದ್ದರಿಂದ. ಹೋಲ್‌ಸೇಲಿನಲ್ಲಿ ಕೊಂಡು ರೀಟೇಲಿನಲ್ಲಿ ಮಾರುವುದು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ ಎನ್ನಿಸಿ ಫೋನು ಕೆಳಗಿಟ್ಟೆ.

ಇನ್ನು ನನ್ನ ತಪ್ಪು. ಮೈಸೂರಿನಲ್ಲಿ ನನ್ನ ಉಸ್ತಾದರು ಹೇಳಿಕೊಟ್ಟ ಮೊದಲ ಪಾಠ: ಹಳೆಯ ಚಿತ್ರ ಬಿಚ್ಚಿದರೆ ಒಂದು ದಿನ ಆರಲು ಬಿಡದೆ ಗಾಜು ಮುಚ್ಚಬೇಡ. ನಮ್ಮ ಮಳೆಗಾಲದ ತೇವ ಗಾಜಿನ ಹಿಂದೆ ಸಿಕ್ಕಿಕೊಂಡರೆ ಬೂಷ್ಟು ಬರುತ್ತದೆ, ದೇವರ ಮುಖದ ಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಗಿರಾಕಿ ಅಂಗಡಿ ಮುಂದೆ ಬಂದು ಕೂಗುತ್ತಾನೆ. ಈ ಪಾಠವನ್ನು ನಾನು ಎಷ್ಟು ಜನಕ್ಕೆ ದಾಟಿಸಿದ್ದೇನೋ ಲೆಕ್ಕವಿಲ್ಲ. ಮಂಗಳವಾರ ಸಂಜೆ ಫ್ರೇಮು ಬಿಚ್ಚಿದೆ, ಹಳದಿ ರಟ್ಟು ಬಿಡಿಸಿದೆ, ಹಾಳೆಯನ್ನು ಹೀಟರಿನ ಪಕ್ಕದ ಮೇಜಿನ ಮೇಲೆ ಅಂಗಾತ ಇಟ್ಟೆ. ಮೇಲೆ ಭಾರವನ್ನೂ ಇಡಲಿಲ್ಲ, ಚಿನ್ನಕ್ಕೆ ಪೆಟ್ಟಾದೀತೆಂಬ ಮುತುವರ್ಜಿ. ಉಸ್ತಾದರು ಹೇಳಿದ್ದು ಮೈಸೂರಿನ ಆಷಾಢಕ್ಕೆ, ಬೆಲ್‌ರೋಸಿನ ಫೆಬ್ರವರಿಗಲ್ಲ ಎಂಬುದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅಲ್ಲಿಯವರೆಗೆ ಬಂದದ್ದೆಲ್ಲ ಕಾಗದ, ಹೇಗೋ ಸಹಿಸಿಕೊಂಡಿತ್ತು.

ಬುಧವಾರ ಬೆಳಿಗ್ಗೆ ಶಟರ್ ಎತ್ತಿ ನೋಡಿದರೆ ಮೇಜಿನ ಮೇಲೆ ಹಾಳೆ ಇರಲಿಲ್ಲ. ಬಾಣಲೆಗೆ ಬಿದ್ದ ಹಪ್ಪಳದಂತೆ ಎರಡೂ ಬದಿಯಿಂದ ಎದ್ದು ಮುದುರಿಕೊಂಡ ಏನೋ ಒಂದು ಇತ್ತು. ಬಸವನಹುಳುವೂ ಯೋಧನೂ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಂದಿದ್ದರು. ಪಕ್ಕದಲ್ಲಿ, ಮೇಜಿನ ಹಸಿರು ಬಟ್ಟೆಯ ಮೇಲೆ, ಒಂದು ಹೊಳೆಯುವ ಕಣ. ನಾನು ಉಸಿರು ಬಿಡಲಿಲ್ಲ. ಬಿಟ್ಟರೆ ಅದು ಹಾರಿಹೋಗುತ್ತಿತ್ತು.

ಗಾಬರಿಯಲ್ಲಿ ಮನುಷ್ಯನ ತಲೆಗೆ ಬರುವ ಉಪಾಯಗಳನ್ನು ನಂಬಬೇಡಿ. ನನಗೆ ಮೊದಲು ಬಂದದ್ದು ಇಸ್ತ್ರಿಪೆಟ್ಟಿಗೆ. ಎರಡನೆಯದು ಹಾಸಿಗೆ, ನಾವು ಪ್ಯಾಂಟನ್ನು ಹಾಸಿಗೆಯ ಕೆಳಗಿಟ್ಟು ಗೆರೆ ಬರಿಸುತ್ತಿದ್ದೆವಲ್ಲ, ಹಾಗೆ. ಮೂರನೆಯದು ನ್ಯೂಜೆರ್ಸಿ ಬಿಟ್ಟು ಟೆಕ್ಸಾಸಿಗೆ ಹೋಗಿಬಿಡುವುದು, ನಾನಿರುವುದು ನ್ಯೂಜೆರ್ಸಿಯಲ್ಲಿ ಅಲ್ಲವೇ ಅಲ್ಲ ಎಂಬುದೂ ಆ ಹೊತ್ತಿಗೆ ಮರೆತಿತ್ತು. ಕೊನೆಗೆ ಮಗಳು ಸನಾಳಿಗೆ ಫೋನ್ ಮಾಡಿದೆ. ಅವಳು ಕಲೆಯ ಇತಿಹಾಸ ಓದಿದವಳು. ಅದನ್ನು ಓದಿ ಏನು ಪ್ರಯೋಜನ ಎಂದು ನಾಲ್ಕು ವರ್ಷ ಅವಳನ್ನು ಹಂಗಿಸಿದವನು ನಾನು.

“ಅಬ್ಬಾ, ಡೋಂಟ್ ಟಚ್ ಇಟ್,” ಎಂದಳು. “ನೋ ಐರನ್, ನೋ ವಾಟರ್, ನೋ ಐಡಿಯಾಸ್. ಐ ಆ್ಯಮ್ ಕಮಿಂಗ್.”

ಅವಳು ಬರುವವರೆಗೆ ಸ್ಟೂಲಿನ ಮೇಲೆ ಕೂತು ಕಾವಲು ಕಾದೆ. ಕೂತಲ್ಲೇ ಓದಿದೆ: ಆ ಕಾಲದ ಪುಸ್ತಕಗಳಿಗೆ ಹಿತ್ತಾಳೆಯ ಕೊಂಡಿಗಳಿರುತ್ತಿದ್ದವಲ್ಲ, ಅವು ಬರಿಯ ಅಲಂಕಾರಕ್ಕಲ್ಲವಂತೆ. ಚರ್ಮ ಎಂದೂ ಸುಮ್ಮನಿರುವುದಿಲ್ಲ. ಸುಣ್ಣದಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ಕೆರೆದು, ಒಣಗಿಸಿ ಹಾಳೆ ಮಾಡಿದರೂ ಅದಕ್ಕೆ ತಾನೊಂದು ಪ್ರಾಣಿಯ ಮೈ ಸುತ್ತ ದುಂಡಗೆ ಇದ್ದದ್ದು ಮರೆಯುವುದಿಲ್ಲ. ಗಾಳಿ ಒಣಗಿತೆಂದರೆ ಹಳೆಯ ಆಕಾರಕ್ಕೆ ತಿರುಗಲು ನೋಡುತ್ತದೆ. ಅದನ್ನು ಅದುಮಿ ಹಿಡಿಯಲು ಭಾರದ ಹಲಗೆ, ಮೇಲೆ ಕೊಂಡಿ. ಇಷ್ಟು ವರ್ಷ ಆ ಹಾಳೆಯನ್ನು ಸುಮ್ಮನಿರಿಸಿದ್ದು ಆ ಹಳದಿಗಟ್ಟಿದ ಕೆಟ್ಟ ರಟ್ಟೇ. ಅದನ್ನು ನಾನು ಹಿಂದಿನ ದಿನ ಹೀಯಾಳಿಸುತ್ತ ಕಸದ ಬುಟ್ಟಿಗೆ ಎಸೆದಿದ್ದೆ.

ಸನಾಳಿಗೆ ಮ್ಯಾನ್‌ಹಟನ್ನಿನಲ್ಲಿ ಹಳೆಯ ಪುಸ್ತಕ ರಿಪೇರಿ ಮಾಡುವ ಒಬ್ಬಾಕೆಯ ಪರಿಚಯವಿತ್ತು. ಹಾಳೆಯನ್ನೂ ಆ ಚಿನ್ನದ ಕಣವನ್ನೂ ಒಂದು ಅಗಲವಾದ ಡಬ್ಬಿಯಲ್ಲಿಟ್ಟು ಹೊರಟೆವು. ಡಬ್ಬಿ ನನ್ನ ತೊಡೆಯ ಮೇಲೆ. ಕಾರಿನ ಹೀಟರು ಹಾಕಕೂಡದು ಎಂದಳು. ಹೊರಗೆ ಕೊರೆಯುವ ಚಳಿ, ಎಕ್ಸ್‌ಪ್ರೆಸ್‌ವೇ ಮೇಲೆ ಟ್ರಾಫಿಕ್ಕು, ಒಳಗೆ ಟೋಪಿ ಕೋಟು ತೊಟ್ಟು ಇಬ್ಬರೂ ಐಸ್‌ಕ್ರೀಮ್ ಡಬ್ಬಿಯಲ್ಲಿ ಕೂತಂತೆ ಕೂತಿದ್ದೆವು. ಕ್ವೀನ್ಸಿನ ರಸ್ತೆಯ ಗುಂಡಿಗಳ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟಿತ್ತು. ಆ ದಿನ ಪ್ರತಿಯೊಂದು ಗುಂಡಿಗೂ ಡಬ್ಬಿಯನ್ನು ತೊಡೆಯಿಂದ ಮೇಲೆತ್ತಿ ಹಿಡಿದೆ. ಒಂದು ಕುಲುಕಿಗೆ ಒಂದು ಸ್ಟ್ರಾಬೆರಿ ಉದುರಿದಂತೆ, ಇನ್ನೊಂದಕ್ಕೆ ಯೋಧನ ಕತ್ತಿ ಬಿದ್ದಂತೆ ಅನ್ನಿಸುತ್ತಿತ್ತು. ಡಬ್ಬಿ ತೆರೆದು ನೋಡುವ ಧೈರ್ಯವಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ.

ಅಲ್ಲಿ ಆ ಹೆಣ್ಣುಮಗಳು ಡಬ್ಬಿ ತೆರೆದು, ಗಂಟಲಲ್ಲಿ ಒಂದು ಸದ್ದು ಮಾಡಿ, ಬಹಳ ಹೊತ್ತು ನೋಡಿದಳು. ಎಲ್ಲ ಡಾಕ್ಟರುಗಳೂ ಹೀಗೇ. ಆಮೇಲೆ ತನ್ನ ಫೀಸು ಹೇಳಿದಳು. ನಾನು ಆಗಲಿ ಎಂದುಬಿಟ್ಟೆ. ಸನಾ ತಿರುಗಿ ನೋಡಿದಳು.

“ಅಬ್ಬಾ, ಆರ್ ಯು ಓಕೆ?”

ಅವಳು ಹುಟ್ಟಿದಾಗಿನಿಂದ ನಾನು ಯಾರೊಬ್ಬರಿಗೂ ಹೇಳಿದ ಮೊತ್ತಕ್ಕೆ ಹಾಗೆ ತಲೆಯಾಡಿಸಿದ್ದನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಚರ್ಮಕ್ಕೆ ಪೆಟ್ಟಾಗಿಲ್ಲ, ತೇವದ ಗಾಳಿಯಲ್ಲಿ ನಿಧಾನವಾಗಿ ಮೆತ್ತಗಾಗಿಸಿ, ಅಂಚುಗಳನ್ನು ಹಗುರವಾಗಿ ಎಳೆದುಕಟ್ಟಿ ಒಣಗಿಸಿದರೆ ಶನಿವಾರ ಬೆಳಿಗ್ಗೆಗೆ ಸಪಾಟಾಗುತ್ತದೆ ಎಂದಳು. ಉದುರಿದ ಕಣ ಮಾತ್ರ ಮತ್ತೆ ಕೂರುವ ಸ್ಥಿತಿಯಲ್ಲಿಲ್ಲ, ಸುತ್ತಲಿನದು ಉದುರದಂತೆ ಭದ್ರಪಡಿಸುತ್ತೇನೆ ಎಂದೂ ಹೇಳಿದಳು. ಆಮೇಲೆ ಭೂತಗನ್ನಡಿ ಕೊಟ್ಟು ಆ ದೊಡ್ಡ ಅಕ್ಷರವನ್ನು ತೋರಿಸಿದಳು. ಚಿನ್ನದ ಕೆಳಗೆ ನಮ್ಮ ಮೈಸೂರು ಚಿತ್ರಗಳಲ್ಲಿ ಇರುವಂಥದೇ ಉಬ್ಬುಗಚ್ಚು. ನಮ್ಮವರದು ಬೇರೆ ಪಾಕ, ಅವರದು ಸುಣ್ಣದಂಥ ಪುಡಿ, ಅಂಟು, ಒಂದಿಷ್ಟು ಕೆಂಪು ಮಣ್ಣು. ಆ ಗಚ್ಚಿನ ಮೇಲೆ ಕೊಳವೆಯಿಂದ ಬಾಯುಸಿರು ಊದಿ, ಆ ಉಸಿರಿನ ಪಸೆಗೇ ಚಿನ್ನದ ತೆಳು ರೇಕನ್ನು ಅಂಟಿಸಿ, ನಾಯಿಯ ಹಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರಂತೆ. ನಾಯಿಯ ಹಲ್ಲಿನ ಮಾತಿಗೆ ನಾನು ಮುಖ ಕಿವುಚಿದೆ. ಉಸಿರಿನ ಮಾತಿಗೆ ಮತ್ತೊಮ್ಮೆ ಭೂತಗನ್ನಡಿಗೆ ಕಣ್ಣಿಟ್ಟೆ. ಯಾರದೋ ಉಸಿರು ಇಷ್ಟು ಕಾಲ ಹಿಡಿದಿಟ್ಟಿದ್ದನ್ನು ನನ್ನ ಹೀಟರು ಒಂದೇ ರಾತ್ರಿಯಲ್ಲಿ ಬಿಡಿಸಿತ್ತು.

ಆ ಕಣ ಉದುರಿದ ಬಿರುಕಲ್ಲದೆ ಅಕ್ಷರದ ಮೈಮೇಲೆ ಇನ್ನೂ ಏಳೆಂಟು ಬಿರುಕುಗಳಿದ್ದವು. ನನ್ನ ಚೌಕಾಸಿಯ ಬುದ್ಧಿ ತಟ್ಟನೆ ಎಚ್ಚರಾಯಿತು. ಇಷ್ಟರ ನಡುವೆ ಒಂದು ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಆಕೆ ಮನಸ್ಸು ಓದಿದವಳಂತೆ ವಿವರಿಸಿದಳು. ಹಳೆಯ ಬಿರುಕಿನಲ್ಲಿ ಶತಮಾನಗಳ ಕೊಳೆ ಕೂತು ಕಪ್ಪಾಗಿರುತ್ತದೆ. ಹೊಸದರ ಒಳಗೆ ಗಚ್ಚು ತಿಳಿಗುಲಾಬಿಯಾಗಿ ಕಾಣುತ್ತದೆ. ನನ್ನದು ಆಗ ತಾನೇ ಹುಟ್ಟಿದ ಮಗುವಿನ ಒಸಡಿನಂತಿತ್ತು.

ಗುರುವಾರ, ಶುಕ್ರವಾರ ಹೇಗೆ ಕಳೆದವೋ ಕೇಳಬೇಡಿ. ಒಂದು ಮದುವೆ ಫೋಟೋವನ್ನು ತಲೆಕೆಳಗಾಗಿ ಕೂರಿಸಿದೆ. ಜುಮ್ಮಾ ನಮಾಜಿನಲ್ಲಿ ಇಮಾಮರ ಖುತ್ಬಾ ಪ್ರವಚನ ಒಂದಕ್ಷರ ಕಿವಿಗೆ ಬೀಳಲಿಲ್ಲ. ಮೇಡಂ ಎರಡು ಸಲ ಫೋನ್ ಮಾಡಿದರು, ಎರಡು ಸಲವೂ ಕೆಲಸ ನಡೆಯುತ್ತಿದೆ ಎಂದೆ. ಅದು ಸುಳ್ಳಲ್ಲ, ನಡೆಯುತ್ತಿದ್ದದ್ದು ಎಲ್ಲಿ ಎಂದು ಮಾತ್ರ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಹಾಳೆ ತಂದೆ. ನಿಜವಾಗಿಯೂ ಸಪಾಟಾಗಿತ್ತು. ಯೋಧನೂ ಹುಳುವೂ ತಮ್ಮ ತಮ್ಮ ಜಾಗಕ್ಕೆ ಹಿಂದಿರುಗಿದ್ದರು. ಹೊಸ ರಟ್ಟು ಕೊಯ್ದು, ಚರ್ಮ ಸ್ವಲ್ಪ ಉಸಿರಾಡುವಂತೆ ಅವಳು ಹೇಳಿದ ಹಾಗೇ ಕೂರಿಸಿ, ಗಾಜು ಮುಚ್ಚುವ ಮುಂಚೆ ನನ್ನ ಕೈ ತಾನಾಗಿಯೇ ಮೇಜಿನ ಡ್ರಾಯರಿಗೆ ಹೋಯಿತು. ಅಲ್ಲಿ ಮೈಸೂರಿನಿಂದ ತರಿಸಿದ ಚಿನ್ನದ ರೇಕಿನ ಪುಸ್ತಕವಿತ್ತು. ಹದಿನೈದು ನಿಮಿಷದ ಕೆಲಸ. ಒಂದು ಚೂರು ಗಚ್ಚು, ಒಂದು ಚೂರು ರೇಕು, ಅಂಚಿಗೆ ಒಂದಿಷ್ಟು ಚಹಾದ ಕಂದು. ನನ್ನ ಕೈಗೆ ಅಷ್ಟು ಬರುತ್ತದೆ, ಮೇಡಂ ನನ್ನಲ್ಲಿಗೆ ಬಂದದ್ದೇ ಅದಕ್ಕೆ. ರೇಕು ನನ್ನ ಉಸಿರಿಗೆ ಅಲುಗಾಡುತ್ತ ನಿಂತಿತು. ಆದರೆ ಜೀವನವಿಡೀ ಬೇರೆಯವರ ತೇಪೆಗಳನ್ನು ಕಂಡುಹಿಡಿದು, ಇಲ್ಲಿ ನೋಡಿ, ಇಲ್ಲಿ ಕೈಯಾಡಿಸಿದ್ದಾರೆ ಎಂದು ಬೆಲೆ ಇಳಿಸಿದವನು ನಾನು. ನನ್ನಂಥ ಇನ್ನೊಬ್ಬ ಎಲ್ಲೋ ಇದ್ದೇ ಇರುತ್ತಾನೆ. ಅವನು ಆ ಮದುಮಗಳಿಗೆ ತೇಪೆ ತೋರಿಸುವ ದಿನ, ಮೇಡಂ ಹೆಸರೂ ಕ್ಯಾಥ್ಲೀನಳ ಹೆಸರೂ ಸೇರಿ ಇಳಿಯುತ್ತದೆ. ಡ್ರಾಯರು ಮುಚ್ಚಿದೆ.

ಮಧ್ಯಾಹ್ನ ಮೇಡಂ ಬಂದರು. ಮೂರು ವಾಕ್ಯ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ, ಒಂದೂ ಬರಲಿಲ್ಲ. ಭೂತಗನ್ನಡಿ ಕೈಗಿಟ್ಟು, ಈ ಗುಲಾಬಿ ಬಿರುಕು ನನ್ನದು ಎಂದೆ. ಹೀಟರು, ಹಪ್ಪಳ, ಮ್ಯಾನ್‌ಹಟನ್, ಎಲ್ಲ ಒಂದೇ ಉಸಿರಿಗೆ ಹೊರಬಿತ್ತು. ಬಿದ್ದ ಭರಕ್ಕೆ ಅದು ಕುರಿಯಲ್ಲ, ಕರು ಎಂಬುದೂ ಬಂದುಬಿಟ್ಟಿತು.

ಅವರು ಭೂತಗನ್ನಡಿಯನ್ನು ಬಿರುಕಿನ ಮೇಲೆ ಹಿಡಿದರು. ನಾನು ಅವರ ಮುಖ ನೋಡಲಿಲ್ಲ, ಬೆರಳಿನ ಉಂಗುರ ನೋಡುತ್ತಿದ್ದೆ.

“ಕರು ಅಂತ ನಂಗೆ ಯಾವತ್ತೋ ಗೊತ್ತು,” ಎಂದರು. “ಕ್ಯಾಪ್ಸೂಲ್ ಸಿಪ್ಪೆ ಏತರಲ್ಲಿ ಮಾಡ್ತಾರೆ ಅಂದ್ಕೊಂಡ್ರಿ? ದನದ ಚರ್ಮ, ಮೂಳೆ ಬೇಯಿಸಿ. ಅದರಲ್ಲೇ ನನ್ನ ಸಂಬಳ ಬಂದಿದ್ದು.” ಆಮೇಲೆ ಹಾಳೆಯ ಬಲ ಅಂಚಿನತ್ತ ಬೆರಳು ತೋರಿಸಿದರು. ಅಲ್ಲೊಂದು ಹಳದಿ ಛಾಯೆಯಿತ್ತು. “ಇದು ಯಾವ ಕಾಲದ್ದು ಅಂತ ಹೇಳಿದ್ರು ನಿಮ್ಮ ಎಕ್ಸ್‌ಪರ್ಟು?”

ಕೇಳಲಿಲ್ಲ ಎಂದೆ.

“ನನ್ನ ಕಾಲದ್ದು. ಮೊದಲ ಅಪಾರ್ಟ್‌ಮೆಂಟಿನಲ್ಲಿ ಇದು ಒಲೆ ಪಕ್ಕದ ಗೋಡೆ ಮೇಲಿತ್ತು. ಆರು ವರ್ಷದ ಒಗ್ಗರಣೆ ಹೊಗೆ, ರಹಮತ್ ಭಾಯ್. ಬಂದೋರಿಗೆಲ್ಲ ಮಧ್ಯಯುಗದ ಕಲೆ ಅಂತ ತೋರಿಸ್ತಿದ್ದೆ.”

ಇಬ್ಬರೂ ನಗಲಿಲ್ಲ. ನಗುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಕೊಡುವುದೋ ಬೇಡವೋ ಎಂದು ಅವರು ಒಂದು ಗಳಿಗೆ ಯೋಚಿಸಿದ್ದು ನನಗೆ ಕಂಡಿತು. ಆಮೇಲೆ ಫ್ರೇಮಿನ ಹಿಂದೆ ಎಲ್ಲವನ್ನೂ ಬರೆಯಿರಿ ಎಂದರು. ಆ ಕಾಲದಲ್ಲಿ ಹಾಳೆ ಬರೆದವರೂ ಒಮ್ಮೊಮ್ಮೆ ಪುಸ್ತಕದ ಕೊನೆಗೆ ಬೆರಳು ಮರಗಟ್ಟಿದ್ದನ್ನು, ಬೆಳಕು ಸಾಲದ್ದನ್ನು ಗೊಣಗಿ ಬರೆದಿಡುತ್ತಿದ್ದರಂತೆ. ನಮ್ಮ ಓಲೆಗರಿ ಬರೆದವರೂ ಅಷ್ಟೇ, ಬೆನ್ನು ಬಗ್ಗಿತು, ತಪ್ಪಿದ್ದರೆ ಮನ್ನಿಸಿ, ಎಣ್ಣೆ ನೀರು ತಾಗಿಸಬೇಡಿ ಎಂದು. ಎಣ್ಣೆಯ ಮಾತು ತಮಗೇ ಹೇಳಿದ್ದು ಎಂದು ಮೇಡಂ ನಿಟ್ಟುಸಿರು ಬಿಟ್ಟರು. ಯಾವ ಭಾಷೆಯಲ್ಲಿ ಬರೆಯಲಿ ಎಂದೆ. ಕನ್ನಡದಲ್ಲಿ ಎಂದರು. ಆ ಹುಡುಗಿಗೆ ಅರ್ಥವಾಗುವುದಿಲ್ಲವಲ್ಲ ಎಂದೆ.

“ಮುಂದುಗಡೆ ಇರೋ ಲ್ಯಾಟಿನ್ ಅರ್ಥ ಆಗುತ್ತಾ? ಬರೀರಿ. ನಾನು ಓದಿ ಹೇಳ್ತೀನಿ.”

ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದೆ. ಕಸುಬಿನವರು ಹಿಂದೆ ಪೆನ್ಸಿಲ್ಲಿನಲ್ಲೇ ಬರೆಯಬೇಕು, ಶಾಯಿಯಾದರೆ ಇಂದಲ್ಲ ನಾಳೆ ಇಳಿದು ಮುಂದಕ್ಕೆ ಬರುತ್ತದೆ. ಕ್ಯಾಥ್ಲೀನಳ ಗೋಡೆಯಲ್ಲಿತ್ತು, ವಸುಧಾಳಿಗೆ ಕೊಟ್ಟಳು. ಹಳದಿ ಬಣ್ಣ ವಸುಧಾಳ ಒಗ್ಗರಣೆಯದು. ಅಕ್ಷರದ ಎಡಗಡೆಯ ಹೊಸ ಬಿರುಕು ಬೆಲ್‌ರೋಸಿನ ರಹಮತನದು. ಇಷ್ಟೇ. ನನ್ನ ಹೆಸರಿನ ಕೊನೆಯ ಅಕ್ಷರ ಸೊಟ್ಟಗಾಯಿತು. ಅಳಿಸಿ ಬರೆಯಲಿಲ್ಲ.

ಭಾನುವಾರ ಸಂಜೆ ಮೇಡಂ ಮದುವೆಯ ಹಾಲಿನಿಂದಲೇ ಫೋನ್ ಮಾಡಿದರು. ಹಿಂದೆ ಗದ್ದಲ, ಸಂಗೀತ. ಹುಡುಗಿ ಚಿನ್ನವನ್ನು ನೋಡಿ ಅತ್ತಳಂತೆ, ಆಮೇಲೆ ತಿರುಗಿಸಿ ಇದೇನು ಬರೆದಿದ್ದೀರಿ ಎಂದಳಂತೆ. ಇವರು ಓದಿ ಹೇಳಿದರು. ಎರಡು ಸಲ ಓದಿಸಿಕೊಂಡು, ಬರೆಯಲು ಏನನ್ನೋ ಯಾರಿಂದಲೋ ಕೇಳಿ ಪಡೆದು, ನನ್ನ ಹೆಸರಿನ ಕೆಳಗೆ ತನ್ನ ಹೆಸರನ್ನೂ ಬರೆದಳಂತೆ.

“ಪೆನ್ಸಿಲ್ ತಾನೇ ಮೇಡಂ?” ಎಂದೆ.

ಅಲ್ಲ, ಪೆನ್ನು ಎಂದರು.

ಆ ಸಂಜೆ ನನಗೆ ಊಟ ಸೇರಲಿಲ್ಲ. ಆ ಶಾಯಿ ಯಾವ ಬಗೆಯದೋ, ಯಾವ ವರ್ಷ ಇಳಿದು ಮುಂದಕ್ಕೆ ಬರುತ್ತದೋ ಎಂದು ತಟ್ಟೆಯ ಮುಂದೆ ಕೂತು ಯೋಚಿಸಿದೆ. ಆಮೇಲೆ ಮೆಲ್ಲಗೆ ಒಂದು ಸಮಾಧಾನ ಬಂತು. ಹೆಸರು ಬರೆದವಳು ಅವಳು. ಇನ್ನು ಗಾಬರಿಪಡುವ ಸರದಿಯೂ ಅವಳದೇ.